ಬರಿಬೆನ್ನಿನ ಸವಾರಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕುದುರೆ ಸವಾರಿಗೆ ಹೆಸರಾದ ಹ್ಯಾನಫರ್ಡ್ ಮನೆಯವರ ಸರ್ಕಸ್ ವಿಡಿಯೊ ತುಣುಕು ನೋಡಿ ನೀನು ಕೇಳಿದ್ದು ಒಂದೇ ಪ್ರಶ್ನೆ: ಜೀನಿಲ್ಲದ ಕುದುರೆ ಓಡುತ್ತಿರುವಾಗ ಅದರ ಬೆನ್ನ ಮೇಲೆ ಕಾಲು ಹೇಗೆ ನಿಲ್ಲುತ್ತದೆ, ಅಂಟು ಗಿಂಟು ಹಾಕಿರುತ್ತಾರಾ? ಅಂಟಲ್ಲ ಮಾರಾಯ, ರಾಳ. ಪಿಟೀಲಿನ ಕಮಾನಿಗೆ ತಿಕ್ಕುತ್ತಾರಲ್ಲ, ಅದೇ. ರಾಳವನ್ನು ಪುಡಿಮಾಡಿ ಕುದುರೆಯ ಬೆನ್ನಿನ ಹಿಂಭಾಗಕ್ಕೆ, ಕೂದಲೊಳಗೆ ಇಳಿಯುವಂತೆ ತಿಕ್ಕುತ್ತಾರೆ. ಸವಾರ ಮೆತ್ತನೆ ಅಟ್ಟೆಯ ತೆಳು ಷೂ ಹಾಕಿಕೊಳ್ಳುತ್ತಾನೆ. ಅಮೆರಿಕದ ಸರ್ಕಸ್ಸಿನವರ ಬಾಯಲ್ಲಿ ಈ ಕುದುರೆಯ ಹೆಸರೇ 'ರೋಸಿನ್‌ಬ್ಯಾಕ್'. ಬಿಳಿ ಅಥವಾ ಬೂದು ಕುದುರೆಯನ್ನೇ ಆರಿಸುವುದೂ ಇದಕ್ಕೇ, ಪುಡಿ ಎದ್ದು ಕಾಣುವುದಿಲ್ಲ. ಆಟ ಮುಗಿದ ಮೇಲೆ ತೊಳೆಯದೆ ಬಿಟ್ಟರೆ ಕೂದಲು ಗಂಟುಕಟ್ಟಿ ಅಡಿಯ ಚರ್ಮ ಹುಣ್ಣಾಗುತ್ತದೆ. ಬೆನ್ನು ನೋಯುವ ಕುದುರೆ ಹೆಜ್ಜೆ ತಪ್ಪಿಸುತ್ತದೆ.

ಇಲ್ಲಿ ಆ ಹೆಜ್ಜೆಯೇ ಎಲ್ಲ. ಅದಕ್ಕೇ ಚುರುಕಿನ ರೇಸ್ ಕುದುರೆ ಇದಕ್ಕೆ ಬೇಡ. ಪರ್ಶರಾನ್‌ನಂಥ ಬಂಡಿ ಎಳೆಯುವ ತಳಿ, ಮಂಚದಂಥ ಅಗಲ ಬೆನ್ನು, ಸುಲಭಕ್ಕೆ ಬೆದರದ ಸ್ವಭಾವ ಬೇಕು. ಸುತ್ತುವುದು ಎಡಕ್ಕೆ, 'ಕ್ಯಾಂಟರ್' ಎಂಬ ಮೂರು ತಾಳದ ಓಟದಲ್ಲಿ, ಒಳಗಿನ ಎಡಗಾಲು ಮುಂದಾಗಿ. ಬಲಗಾಲು ಮುಂದಾದರೆ ಬೆನ್ನು ಹೊಯ್ದಾಡಿ, ಮೇಲಿರುವವನ ಲೆಕ್ಕವೆಲ್ಲ ಕೆಡುತ್ತದೆ. ಬ್ಯಾಂಡಿನ ತಾಳಕ್ಕೆ ಕುದುರೆ ಓಡುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ನಿಜಕ್ಕೂ ಕುದುರೆಯ ಕಾಲು ನೋಡಿಕೊಂಡು ಬ್ಯಾಂಡಿನವರೇ ತಾಳ ಹೊಂದಿಸುತ್ತಾರೆ.

ರಿಂಗಿನ, ಅಂದರೆ ಆಟ ನಡೆಯುವ ವೃತ್ತದ, ಅಡ್ಡಳತೆ 42 ಅಡಿ, ಹತ್ತಿರಹತ್ತಿರ 13 ಮೀಟರ್. ಲಂಡನ್ನಿನಲ್ಲಿ 1768ರಲ್ಲಿ ಕುದುರೆಯಾಟ ಶುರುಮಾಡಿದ ಫಿಲಿಪ್ ಆಸ್ಟ್ಲಿ ಕೊನೆಗೆ ಇದೇ ಅಳತೆಗೆ ಬಂದು ನಿಂತ. ಒಂದು ಊರಿನಲ್ಲಿ ಕಲಿತ ಕುದುರೆ ಇನ್ನೊಂದು ದೇಶದ ಡೇರೆಯಲ್ಲೂ ಅದೇ ವೃತ್ತ ಓಡಬೇಕಲ್ಲ, ಹಾಗಾಗಿ ಅಳತೆ ಬದಲಾಗಲಿಲ್ಲ. ಸರ್ಕಸ್ ನಮ್ಮ ಕಡೆಗೆ ಬಂದದ್ದೂ ಕುದುರೆಯಿಂದಲೇ. ನರಸೋಬವಾಡಿಗೆ ಹೋದಾಗ ಹೊಳೆಯಾಚೆ ಕುರುಂದವಾಡ ಕಾಣುತ್ತದಲ್ಲ, ಅಲ್ಲಿನ ಸಂಸ್ಥಾನದ ಲಾಯ ನೋಡಿಕೊಳ್ಳುತ್ತಿದ್ದ ವಿಷ್ಣುಪಂತ ಛತ್ರೆ ಮುಂಬಯಿಯಲ್ಲಿ ಕಿಯಾರಿನಿಯ ಇಟಾಲಿಯನ್ ಸರ್ಕಸ್ ನೋಡಿ, 1880ರಲ್ಲಿ ತನ್ನದೇ ಕಂಪನಿ ಕಟ್ಟಿದರು. ಭಾರತೀಯರು ಕಟ್ಟಿದ ಮೊದಲ ಸರ್ಕಸ್ ಅದು.

ನಿಲ್ಲುವುದಾಯಿತು, ಈಗ ಓಡುವ ಕುದುರೆಯ ಬೆನ್ನ ಮೇಲೆ ಹಾಕುವ ಲಾಗದ ಲೆಕ್ಕ. ಕುದುರೆ ಗಂಟೆಗೆ 17 ಕಿ.ಮೀ. ವೇಗದಲ್ಲಿದೆ ಅಂದುಕೋ. ಒಂದು ಸುತ್ತಿಗೆ ಎಂಟು ಸೆಕೆಂಡು. ಸವಾರ ಒಳಕ್ಕೆ ಸುಮಾರು 20 ಡಿಗ್ರಿ ವಾಲಿರಲೇಬೇಕು, ನೆಟ್ಟಗೆ ನಿಂತರೆ ರಿಂಗಿನಾಚೆ ಬೀಳುತ್ತಾನೆ. ಲಾಗ ಹಾಕಿ ಗಾಳಿಯಲ್ಲಿರುವುದು ಸೆಕೆಂಡಿನ ಆರು ಹತ್ತಾಂಶ. ಅಷ್ಟರಲ್ಲಿ ಕುದುರೆ 2.8 ಮೀಟರ್ ಮುಂದೆ ಹೋಗಿರುತ್ತದೆ. ಸವಾರನ ಮೈಗೂ ಅದೇ ವೇಗ ಇರುವುದರಿಂದ ಮುಂದೆ ಹಿಂದೆ ಆಗುವುದಿಲ್ಲ. ತೊಂದರೆ ಇರುವುದು ಪಕ್ಕದಲ್ಲಿ: ಕುದುರೆ ಬಳಸಿಕೊಂಡು ಹೋಗುತ್ತದೆ, ಗಾಳಿಯಲ್ಲಿರುವವನು ನೇರ ಹೋಗುತ್ತಾನೆ. ಸುಮ್ಮನೆ ಮೇಲಕ್ಕೆ ಹಾರಿದರೆ ಇಳಿಯುವಾಗ ಬೆನ್ನು ಎರಡಡಿ ಒಳಗಿರುತ್ತದೆ. ಅಷ್ಟನ್ನೂ ಅಳೆದು ಒಳಮುಖವಾಗಿ ಚಿಮ್ಮಬೇಕು. ಆ ಗಳಿಗೆಯಲ್ಲಿ ಕುದುರೆ ಹತ್ತರಲ್ಲೊಂದು ಪಾಲು ನಿಧಾನಿಸಿದರೂ ಪಾದ ಒಂದಡಿಯಷ್ಟು ಮುಂದೆ ಬೀಳುತ್ತದೆ. ಹಿಂದಕ್ಕೆ ಹಾಕುವ ಲಾಗದಲ್ಲಿ ಇಳಿಯುವ ಮೊದಲು ಕುದುರೆ ಕಣ್ಣಿಗೆ ಸಿಗುತ್ತದೆ. ಮುಂದಕ್ಕೆ ಹಾಕಿದರೆ ಸಿಗುವುದಿಲ್ಲ. ಆಸ್ಟ್ರೇಲಿಯದ ಸರ್ಕಸ್ ಸವಾರಳು ಮೇ ವರ್ತ್ ಮುಂದಕ್ಕೆ ಹಾಕುವ ಆ ಲಾಗಕ್ಕೂ ಹೆಸರಾದವಳು.

ಕಲಿಯುವವರಿಗೆ 'ಮೆಕ್ಯಾನಿಕ್' ಅಂತ ಒಂದು ಸಾಧನ ಇದೆ. ನಡುವೆ ಕಂಬ, ಅದರ ಮೇಲೆ ತಿರುಗುವ ಉದ್ದ ತೋಳು, ತೋಳಿನ ತುದಿಯ ರಾಟೆಯಿಂದ ಇಳಿಬಿಟ್ಟ ಹಗ್ಗ, ಹಗ್ಗಕ್ಕೆ ಸೊಂಟದ ಬೆಲ್ಟು. ಹಗ್ಗದ ಇನ್ನೊಂದು ತುದಿ ಕಲಿಸುವವರ ಕೈಯಲ್ಲಿ. ಹಗ್ಗ ಬಿಗಿಯಿದ್ದರೆ ಮಗು ಅದಕ್ಕೇ ಜೋತುಬಿದ್ದು ಸಮತೋಲ ಕಲಿಯುವುದೇ ಇಲ್ಲ, ಸಡಿಲವಿದ್ದರೆ ಹಿಡಿಯುವಷ್ಟರಲ್ಲಿ ನೆಲ ಬಂದಿರುತ್ತದೆ. ಹೊಸಬರ ಎರಡು ತಪ್ಪು ಎಲ್ಲೆಡೆ ಒಂದೇ: ಮಂಡಿ ಸೆಟೆಸುವುದು, ತನ್ನ ಪಾದ ನೋಡಿಕೊಳ್ಳುವುದು. ಮಂಡಿ ಸಡಿಲ ಇರಬೇಕು, ಕಣ್ಣು ಕುದುರೆಯ ಕಿವಿಗಳ ನಡುವೆ.

ಇದು ಮನೆತನದ ಆಟವಾದದ್ದು ಯಾಕೆ ಅಂತ ಈಗ ಹೊಳೆದಿರಬೇಕು. ಕುದುರೆ, ಹಗ್ಗ, ಚಾವಟಿ, ಸವಾರ, ಎಲ್ಲರ ಅಳತೆಯೂ ಒಬ್ಬರಿಗೊಬ್ಬರಿಗೆ ಮೈಗೂಡಿರಬೇಕು. ಹ್ಯಾನಫರ್ಡ್ ಮನೆಯವರು ಬ್ರಿಟನ್, ಐರ್ಲೆಂಡ್‌ಗಳಲ್ಲಿ ಸ್ವಂತ ಡೇರೆ ಇಟ್ಟುಕೊಂಡಿದ್ದವರು. 1915ರಲ್ಲಿ ಅಮೆರಿಕಕ್ಕೆ ಬಂದು ಬಾರ್ನಮ್ ಆ್ಯಂಡ್ ಬೇಲಿ ಸರ್ಕಸ್ ಸೇರಿದರು. ಮಕ್ಕಳು ಕುದುರೆಯ ಮೇಲೆ, ತಾಯಿ ಎಲಿಜಬೆತ್ ಉದ್ದ ಗೌನ್ ತೊಟ್ಟು ರಿಂಗಿನ ನಡುವೆ. ಆಕೆ ಅಲಂಕಾರಕ್ಕೆ ನಿಂತವಳಲ್ಲ. ಚಾವಟಿಯ ತುದಿ ಕುದುರೆಯ ಭುಜದ ಕಡೆ ತೋರಿದರೆ ಅದು ಅಂಚಿಗೆ ಸರಿಯುತ್ತದೆ, ಹಿಂಗಾಲಿನ ಕಡೆ ತೋರಿದರೆ ವೇಗ ಇಳಿಯುವುದಿಲ್ಲ. ಮಗನ ಎರಡಡಿಯ ಲೆಕ್ಕ ತಾಯಿಯ ಮುಂಗೈಯಲ್ಲಿತ್ತು. ನನ್ನ ಮಟ್ಟಿಗೆ ಆ ಆಟದ ಅತಿ ಕಷ್ಟದ ಕೆಲಸ ಅದೇ.

ಮಗ ಎಡ್ವಿನ್, ಎಲ್ಲರ ಬಾಯಲ್ಲಿ 'ಪೂಡಲ್ಸ್'. ಓಡುವ ಕುದುರೆಗೆ ನೆಲದಿಂದ ಹಾರಿ ಹತ್ತಿ ಮತ್ತೆ ಹಾರಿ ಇಳಿಯುವುದನ್ನು 1915ರಲ್ಲೇ ನ್ಯೂಯಾರ್ಕಿನಲ್ಲಿ 26 ಬಾರಿ ಮಾಡಿದ್ದು ಗಿನ್ನೆಸ್ ದಾಖಲೆಯಾಗಿದೆ. ಆದರೆ ಜನ ಮರೆಯದಿದ್ದದ್ದು ಆತನ ಬೀಳುವಿಕೆಯನ್ನು. ದೊಡ್ಡ ತುಪ್ಪಳದ ಕೋಟು ಹಾಕಿಕೊಂಡು, ಸವಾರಿ ಬಾರದ ಪೆದ್ದನಂತೆ ಎಡವಿ ಜೋತಾಡಿ, ಮೆಟ್ಟಿಲಿಳಿಯುವವನ ಹಾಗೆ ಕುದುರೆಯ ಬೆನ್ನಿನಿಂದ ಗಾಳಿಗೆ ಕಾಲಿಡುತ್ತಿದ್ದ. ಕುದುರೆಯ ಓಟವೇ ಮೈಯಲ್ಲಿರುವುದರಿಂದ ಅರೆಗಳಿಗೆ ತೇಲಿದಂತೆ ಕಾಣುತ್ತದೆ. ಸರಿಯಾಗಿ ನಿಲ್ಲಬಲ್ಲವನಿಗೆ ಮಾತ್ರ ಹಾಗೆ ತಪ್ಪಾಗಿ ನಿಲ್ಲಲು ಬರುತ್ತದೆ. ಪೂಡಲ್ಸ್ 1967ರಲ್ಲಿ ತೀರಿಕೊಂಡ. ಆ ಪೆದ್ದು ಸವಾರನ ಪಾತ್ರವನ್ನು ಪೂಡಲ್ಸ್‌ನ ತಮ್ಮನಾದ ಜಾರ್ಜನ ಮಗ ಟಾಮಿ ಮುಂದುವರಿಸಿದ.

ಆ ತುಣುಕನ್ನು ಇನ್ನೊಮ್ಮೆ ಹಾಕು. ಪೂಡಲ್ಸ್‌ನನ್ನು ಬಿಟ್ಟು ಕುದುರೆಯ ಎಡಗಾಲಿನ ಮೇಲೆ ಕಣ್ಣಿಡು. ಮೇಲೆ ಏನೇ ರಂಪ ನಡೆದರೂ ಅದು ಬೀಳುವ ಜಾಗ ಬದಲಾಗುತ್ತದಾ ನೋಡಿ ಬರೆ.

ಇಂತಿ,
ನಿನ್ನ ಗೆಳೆಯ