ಇಸ್ತಾಂಬುಲ್‌ನಿಂದ ವಿಜಯಪುರಕ್ಕೆ: ಪೇರಾ ಪ್ಯಾಲೇಸಿನ ಚಹಾ

ಇಸ್ತಾಂಬುಲ್
ಭಾನುವಾರ

ಪ್ರೀತಿಯ ಅಪ್ಪ, ಅವ್ವ,

ನಮಸ್ಕಾರ. ನಾನು ಇಲ್ಲಿ ಆರಾಮಾಗಿದ್ದೇನೆ. ಅವ್ವನ ಮೊಣಕಾಲು ನೋವು ಈಗ ಹೇಗಿದೆ? ಗುಳಿಗೆ ಬಿಡದೆ ತಗೋ ಅವ್ವ. ಅಪ್ಪ, ಮೊನ್ನೆ ಫೋನಿನಲ್ಲಿ "ಅಲ್ಲಿ ಚಹಾ ಹೆಂಗ ಮಾಡ್ತಾರ?" ಅಂತ ಕೇಳಿದ್ದಿರಿ. ಫೋನಿನಲ್ಲಿ ಹೇಳಿದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ತಮ್ಮ ಗಟ್ಟಿಯಾಗಿ ಓದಿ ಹೇಳಲಿ.

ನಿನ್ನೆ ರಜೆ ಇತ್ತು. ನನ್ನ ಜೊತೆ ಕೆಲಸ ಮಾಡುವ ಹುಡುಗಿ ಇದೇ ಊರಿನವಳು. ಪೇರಾ ಪ್ಯಾಲೇಸ್ ಅನ್ನುವ ಹಳೇ ಹೋಟೆಲಿಗೆ ಚಹಾ ಕುಡಿಯಲು ಕರೆದುಕೊಂಡು ಹೋದಳು. ಸಮುದ್ರದ ದಂಡೆಯಿಂದ ಟ್ಯೂನೆಲ್ ಅನ್ನುವ ಪುಟ್ಟ ರೈಲು ಹತ್ತಿದೆವು. ಅದು ಗುಡ್ಡದ ಹೊಟ್ಟೆಯೊಳಗೇ ಏರುತ್ತದೆ, ಇರುವುದು ಎರಡೇ ನಿಲ್ದಾಣ. 1875ರಲ್ಲಿ ಶುರುವಾದದ್ದು. ಲಂಡನ್ ಬಿಟ್ಟರೆ ಜಗತ್ತಿನಲ್ಲೇ ಹಳೆಯ ನೆಲದಡಿ ರೈಲು. ಮೇಲೆ ಇಳಿದು ಸ್ವಲ್ಪ ನಡೆದರೆ ಹೋಟೆಲ್.

ಈ ಹೋಟೆಲ್ ಹುಟ್ಟಿದ್ದೂ ರೈಲಿನಿಂದಲೇ ಅಪ್ಪ. ಪ್ಯಾರಿಸ್ ಕಡೆಯಿಂದ ಓರಿಯಂಟ್ ಎಕ್ಸ್‌ಪ್ರೆಸ್ ಬರುತ್ತಿತ್ತಲ್ಲ, ಅದರಲ್ಲಿ ಬರುವ ಸಿರಿವಂತರಿಗೆ ಇಳಿದುಕೊಳ್ಳಲು ಒಳ್ಳೆಯ ಜಾಗ ಬೇಕಿತ್ತು. ರೈಲಿನ ಕಂಪನಿಯೇ ಕಟ್ಟಿಸಿತು. 1892ರಲ್ಲಿ ಕೆಲಸ ಹಿಡಿದರು, 1895ರಲ್ಲಿ ದೊಡ್ಡ ಸಮಾರಂಭ ಮಾಡಿ ಬಾಗಿಲು ತೆರೆದರು. ಸುಲ್ತಾನರ ಅರಮನೆ ಬಿಟ್ಟರೆ ಊರಿನಲ್ಲಿ ಮೊದಲು ಕರೆಂಟ್ ಬಂದದ್ದು ಇಲ್ಲಿಗೇ ಅಂತೆ. ಆಗಿನ ಲಿಫ್ಟ್ ಇನ್ನೂ ಇದೆ. ಸುತ್ತ ಕಬ್ಬಿಣದ ಜಾಲರಿ, ಒಳಗೆ ಮರದ ಪೆಟ್ಟಿಗೆ, ಕೂರಲು ಒಂದು ಬೆಂಚು. ಸ್ಟೇಷನ್ನಿನಿಂದ ಅತಿಥಿಗಳನ್ನು ಹೊತ್ತು ತರುತ್ತಿದ್ದ ಮೇನೆಯನ್ನೂ ಜೋಪಾನವಾಗಿ ಇಟ್ಟಿದ್ದಾರೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಹೊತ್ತವರ ಹೆಗಲು ನೆನಪಾಯಿತು. ನಾವು ರೈಲಿನಲ್ಲಿ ಏರಿ ಬಂದ ಗುಡ್ಡವನ್ನು ಅವರು ಭಾರ ಹೊತ್ತು ಏರಿದ್ದಾರೆ.

ಒಳಗೆ ನಡುವೆ ಒಂದು ದೊಡ್ಡ ಪಡಸಾಲೆ ಇದೆ. ಅಲ್ಲೇ ಚಹಾ ಕೊಡುವುದು. ತಲೆ ಎತ್ತಿದರೆ ಮೇಲೆ ಆರು ಗುಮ್ಮಟ. ಒಂದೊಂದರಲ್ಲೂ ಹಸಿರು-ನೀಲಿ ಗಾಜಿನ ಸಣ್ಣ ಸಣ್ಣ ಬಿಲ್ಲೆಗಳನ್ನು ಕೂರಿಸಿದ್ದಾರೆ. ಬೆಳಕು ಅವುಗಳಿಂದ ಇಳಿದು ಬರುತ್ತದೆ. ಗೋಳಗುಮ್ಮಟದ ನೆರಳಲ್ಲಿ ಬೆಳೆದವರಿಗೆ ಗುಮ್ಮಟ ಕಂಡರೆ ಕತ್ತು ತಾನೇ ಮೇಲೆ ಹೋಗುತ್ತದೆ, ಅಲ್ವಾ? ಅಂದಹಾಗೆ ಇಲ್ಲಿಯ ಹಾಗಿಯಾ ಸೋಫಿಯಾ ನೋಡಲು ಜಗತ್ತೆಲ್ಲ ಬರುತ್ತದೆ. ಅದು 537ರಲ್ಲಿ ಮುಗಿದ ಕಟ್ಟಡ, ಅದರ ಎದುರು ನಿಂತರೆ ಮಾತೇ ಹೊರಡುವುದಿಲ್ಲ. ಆದರೆ ಅದರ ಗುಮ್ಮಟದ ಅಗಲ ಸುಮಾರು 31 ಮೀಟರ್. ನಮ್ಮದು ಒಳಗಿನಿಂದಲೇ ಸುಮಾರು 38 ಮೀಟರ್. ಈ ಹುಡುಗಿಗೆ ಫೋಟೋ ತೋರಿಸಿ, ಪಿಸುಗುಟ್ಟಿದರೆ ಆಚೆ ಗೋಡೆಗೆ ಕೇಳಿಸುತ್ತದೆ ಅಂತ ಹೇಳಿದೆ. ಬರುವ ವರ್ಷ ವಿಜಯಪುರಕ್ಕೆ ಬರುತ್ತಾಳಂತೆ.

ಈಗ ಚಹಾದ ವಿಷಯ. ಇಲ್ಲಿ ಹಾಲು ಹಾಕುವುದಿಲ್ಲ ಅಪ್ಪ. ಶುಂಠಿ, ಏಲಕ್ಕಿ ಏನೂ ಇಲ್ಲ. ಮನೆಗಳಲ್ಲಿ, ಬೀದಿ ಅಂಗಡಿಗಳಲ್ಲಿ ಮಾಡುವುದು ಹೀಗೆ: ಒಂದರ ಮೇಲೊಂದು ಎರಡು ಕಿಟ್ಲಿ ಇಡುತ್ತಾರೆ. ಕೆಳಗಿನದರಲ್ಲಿ ಬರೀ ನೀರು ಕುದಿಯುತ್ತದೆ. ಮೇಲಿನದರಲ್ಲಿ ಚಹಾಪುಡಿಗೆ ಬಿಸಿನೀರು ಹೊಯ್ದು, ಕೆಳಗಿನ ಹಬೆಯಲ್ಲೇ ಹದಿನೈದು ಇಪ್ಪತ್ತು ನಿಮಿಷ ಬಿಡುತ್ತಾರೆ. ಮೇಲಿನದನ್ನು ಕುದಿಸುವುದೇ ಇಲ್ಲ. ಆಮೇಲೆ ಲೋಟಕ್ಕೆ ಮೊದಲು ಗಟ್ಟಿ ಡಿಕಾಕ್ಷನ್, ಮೇಲೆ ಬಿಸಿನೀರು. ಸ್ಟ್ರಾಂಗ್ ಬೇಕಾದವರಿಗೆ ನೀರು ಕಡಿಮೆ, ಲೈಟ್ ಬೇಕಾದವರಿಗೆ ಜಾಸ್ತಿ. ನಡು ಸಣ್ಣಗಿರುವ ಗಾಜಿನ ಲೋಟ, ಅದಕ್ಕೆ ಹಿಡಿಕೆ ಇರುವುದಿಲ್ಲ. ಬೆರಳ ತುದಿಯಲ್ಲಿ ಮೇಲಿನ ಅಂಚು ಹಿಡಿದು ಕುಡಿಯಬೇಕು. ಬಣ್ಣ ನೋಡಿಯೇ ಚಹಾ ಹೇಗಿದೆ ಅಂತ ಹೇಳುತ್ತಾರೆ, ನೀವು ಪಾತೇಲಿಯಲ್ಲಿ ಉಕ್ಕು ನೋಡಿ ಹೇಳುತ್ತಿದ್ದಿರಲ್ಲ, ಹಾಗೆ. ಸಕ್ಕರೆ ಗಡ್ಡೆ ಪಕ್ಕದಲ್ಲಿ ಕೊಡುತ್ತಾರೆ. ಎಲೆ ಬರುವುದು ಕಪ್ಪು ಸಮುದ್ರದ ದಂಡೆಯ ರಿಜೆ ಕಡೆಯಿಂದ. ನನಗೆ ಆಶ್ಚರ್ಯವಾದದ್ದು ಏನೆಂದರೆ, ಇವರ ಚಹಾ ಹಳೆಯದೇನಲ್ಲ. ರಿಜೆಯಲ್ಲಿ ಮೊದಲ ಚಹಾ ಕಾರ್ಖಾನೆ ಬಂದದ್ದೇ 1947ರಲ್ಲಿ. ಈಗ ತಲೆಗೆ ಇಷ್ಟು ಅಂತ ಲೆಕ್ಕ ಹಾಕಿದರೆ ಜಗತ್ತಿನಲ್ಲಿ ಅತಿ ಹೆಚ್ಚು ಚಹಾ ಕುಡಿಯುವವರು ಇವರೇ.

ಕಾಫಿ ಮಾತ್ರ ಬಹಳ ಹಳೆಯದು. 1550ರ ದಶಕದಲ್ಲೇ ಇಲ್ಲಿ ಕಾಫಿ ಅಂಗಡಿಗಳಿದ್ದವು. ನಮ್ಮಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಚಿಕ್ಕಮಗಳೂರಿನ ಗುಡ್ಡಕ್ಕೆ ಬೀಜ ತಂದರು ಅನ್ನುತ್ತಾರಲ್ಲ, ಅದಕ್ಕಿಂತ ಎಷ್ಟೋ ಮೊದಲು. ಮಾಡುವ ರೀತಿಯೂ ಬೇರೆ. ಉದ್ದ ಹಿಡಿಕೆಯ ತಾಮ್ರದ ಪುಟ್ಟ ಪಾತ್ರೆಯಲ್ಲಿ ತಣ್ಣೀರು, ಬಹಳ ನುಣ್ಣಗೆ ಬೀಸಿದ ಪುಡಿ, ಸಕ್ಕರೆ ಎಲ್ಲ ಒಟ್ಟಿಗೇ ಹಾಕುತ್ತಾರೆ. ಅದಕ್ಕೇ ಸಕ್ಕರೆ ಎಷ್ಟು ಅಂತ ಮೊದಲೇ ಹೇಳಬೇಕು, ಆಮೇಲೆ ಕಲಸುವಂತಿಲ್ಲ. ಸಣ್ಣ ಉರಿ. ನೊರೆ ಏರಿ ಅಂಚಿಗೆ ಬರುವಷ್ಟರಲ್ಲಿ ಇಳಿಸುತ್ತಾರೆ. ಮೊದಲು ನೊರೆಯನ್ನು ಚಮಚದಿಂದ ಕಪ್ಪುಗಳಿಗೆ ಹಂಚುತ್ತಾರೆ, ಆಮೇಲೆ ಕಾಫಿ ಹೊಯ್ಯುತ್ತಾರೆ. ಸೋಸುವುದಿಲ್ಲ. ಪುಡಿ ತಳಕ್ಕೆ ಇಳಿಯುವ ತನಕ ಸುಮ್ನೆ ಕಾಯಬೇಕು. ಪಕ್ಕದಲ್ಲಿ ಒಂದು ಲೋಟ ನೀರು, ಲೋಕುಂ ಅನ್ನುವ ಮೆತ್ತನೆಯ ಸಿಹಿಯ ಒಂದು ತುಂಡು. ಮೊದಲು ನೀರು ಕುಡಿದು ಬಾಯಿ ಸ್ವಚ್ಛ ಮಾಡಿಕೊಂಡು ಆಮೇಲೆ ಕಾಫಿ. 2013ರಲ್ಲಿ ಯುನೆಸ್ಕೋ ಈ ಕಾಫಿ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಬೇಕಾದ್ದೇ. ಆ ಎರಡು ಗುಟುಕಿನ ಹಿಂದೆ ಅಷ್ಟು ತಾಳ್ಮೆ ಇದೆ.

ನಿಮ್ಮ ಕೈ ನೆನಪಾಯಿತು ಅಪ್ಪ. ಬೆಳಗಿನ ನಾಲ್ಕೂವರೆಗೆ ಅಂಗಡಿ ತೆಗೆದು, ಮೊದಲ ಪಾತೇಲಿ ಇಳಿಸುವ ತನಕ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ ನೀವು. ಇಲ್ಲಿ ಕಾಫಿ ಮಾಡುವವನ ಮುಖವೂ ಹಾಗೇ ಇತ್ತು. ಬೆಳ್ಳಿ ತಟ್ಟೆ ಇರಲಿ, ಅರ್ಧ ಚಹಾ ಇರಲಿ, ಆ ಕೆಲಸ ಒಂದೇ. ನಿಮ್ಮ ಕೆಲಸವನ್ನು ಯಾರಾದರೂ ಸಣ್ಣದು ಅಂದರೆ ಈ ಪತ್ರ ತೋರಿಸಿ.

ಅವ್ವ, ಕೇಕುಗಳಲ್ಲಿ ಮೊಟ್ಟೆ ಇರುತ್ತದೆ, ನಿನಗೆ ಆಗುವುದಿಲ್ಲ. ಲೋಕುಂ ತಿನ್ನಬಹುದು, ಅದು ಸಕ್ಕರೆ ಮತ್ತು ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವುದು. ಮಾಮಾನಿಗೂ ಒಂದು ಸುದ್ದಿ ಹೇಳು. ಅವರು ತಿಕೋಟಾದಲ್ಲಿ ಬೆಳೆಯುವ ಥಾಮ್ಸನ್ ದ್ರಾಕ್ಷಿಯೂ ಇಲ್ಲಿಯವರ ಸುಲ್ತಾನಿ ದ್ರಾಕ್ಷಿಯೂ ಒಂದೇ ತಳಿ. ಇಲ್ಲಿಯ ಒಣದ್ರಾಕ್ಷಿ ಜಗತ್ತಿಗೆಲ್ಲ ಹೋಗುತ್ತದೆ.

ಇನ್ನೊಂದು ಮಾತು ನಿನ್ನೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಈ ಹೋಟೆಲ್ ಸುಖದಲ್ಲೇ ಉಳಿದು ಬಂದದ್ದಲ್ಲ. 1941ರಲ್ಲಿ ಅತಿಥಿಯೊಬ್ಬರ ಸಾಮಾನಿನಲ್ಲಿ ಯಾರೋ ಇಟ್ಟಿದ್ದ ಬಾಂಬ್ ಇಲ್ಲೇ ಸಿಡಿದು ಜನ ಸತ್ತರು. ನಡುವೆ ಕಟ್ಟಡ ಸೊರಗಿತು. ದುರಸ್ತಿ ಮಾಡಿ 2010ರಲ್ಲಿ ಮತ್ತೆ ತೆರೆದರು. ತುರ್ಕಿಯ ಮೊದಲ ಅಧ್ಯಕ್ಷ ಅತಾತುರ್ಕ್ ಉಳಿಯುತ್ತಿದ್ದ 101ನೇ ಕೋಣೆ ಈಗ ಮ್ಯೂಸಿಯಂ. ಅದೇ ಕಟ್ಟಡದಲ್ಲಿ ಮುದುಕರು ಕೂತು ಚಹಾ ಕುಡಿಯುತ್ತಾರೆ, ಮಕ್ಕಳು ಕೇಕಿಗೆ ಹಟ ಮಾಡುತ್ತಾರೆ. ಬೆಲೆ ದುಬಾರಿ, ಅದು ನಿಜ. ಆದರೂ ಬಾಗಿಲು ತೆರೆದಿದೆ.

ನಮ್ಮೂರಲ್ಲಿ ಹಳೇ ಕಟ್ಟಡಕ್ಕೆ ಬರವೇ? 1885ರಲ್ಲಿ ಬ್ರಿಟಿಷರು ಕಲಾದಗಿಯಿಂದ ಜಿಲ್ಲಾ ಕಚೇರಿ ತಂದಾಗ ಆದಿಲ್‌ಶಾಹಿ ಕಟ್ಟಡಗಳಲ್ಲೇ ಕಚೇರಿ ಮಾಡಿಕೊಂಡರು, ಮನೆ ಮಾಡಿಕೊಂಡರು. ಗೋಳಗುಮ್ಮಟದ ಮುಂದಿನ ನಗಾರಖಾನೆ ಮ್ಯೂಸಿಯಂ ಆಯಿತು. ಗೋಳಗುಮ್ಮಟ, ಇಬ್ರಾಹಿಂ ರೋಜಾ ಗೋರಿಗಳು, ಅಲ್ಲಿ ಅಂಗಡಿ ಬೇಡವೇ ಬೇಡ. ನಾನು ಹೇಳುವುದು ಊರೊಳಗೆ ಬಾಗಿಲು ಹಾಕಿಕೊಂಡು ಬೀಳುತ್ತಿರುವ ವಾಡೆಗಳ ಬಗ್ಗೆ, ಕಲ್ಲಿನ ಹಳೇ ಬಂಗಲೆಗಳ ಬಗ್ಗೆ. ಒಂದರಲ್ಲಾದರೂ ಕೂತು ಚಹಾ ಕುಡಿಯುವ ಜಾಗ ಆಗಬೇಕು. ಬಂದವರು ಎರಡು ಗಂಟೆಯಲ್ಲಿ ಗುಮ್ಮಟ ನೋಡಿ ಬಸ್ ಹತ್ತುತ್ತಾರೆ. ಕೂರಲು ಜಾಗ ಇದ್ದರೆ ಒಂದು ರಾತ್ರಿ ಉಳಿದಾರು. ನಮ್ಮವರೇ ಕೂತಾರು. ಅಪ್ಪ, ಸಂಜೆ ಗಾಂಧಿ ಚೌಕದ ಕಡೆ ಸೇರುವ ನಿಮ್ಮ ಗೆಳೆಯರ ಜೊತೆ ಇದನ್ನು ಮಾತಾಡಿ. ಅವರಲ್ಲಿ ವಾಡೆ ಇದ್ದವರೂ ಇದ್ದಾರೆ.

ಹಳೇ ಚರಿತ್ರೆಕಾರ ಫೆರಿಶ್ತಾ ಬರೆದ ಕಥೆ ನಿಮಗೆ ಗೊತ್ತೇ ಇದೆ, ನಮ್ಮ ಆದಿಲ್‌ಶಾಹಿ ಮನೆತನ ಶುರುಮಾಡಿದ ಯೂಸುಫ್ ಆದಿಲ್ ಶಾಹ ಇಲ್ಲಿಯ ಸುಲ್ತಾನನ ಮಗ ಅಂತ. ಚರಿತ್ರೆ ಬರೆಯುವವರು ಎಲ್ಲರೂ ಒಪ್ಪುವುದಿಲ್ಲ. ಆದರೆ ನಮ್ಮ ಮಲಿಕ್-ಇ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದ ಮುಹಮ್ಮದ್ ಬಿನ್ ಹಸನ್ ಈ ತುರ್ಕಿ ಸೀಮೆಯ ಕಡೆಯವನೇ ಅನ್ನುತ್ತಾರೆ. ಈ ಊರು ನಮಗೆ ಪೂರಾ ಪರದೇಶವಲ್ಲ.

ಅದಕ್ಕೇ ನೀವಿಬ್ಬರೂ ಬರಬೇಕು. ಏಪ್ರಿಲ್ ಒಳ್ಳೆಯ ಹೊತ್ತು, ಚಳಿ ಇಳಿದಿರುತ್ತದೆ, ಊರೆಲ್ಲ ಟುಲಿಪ್ ಹೂ. ದುಡ್ಡು ನಾನು ಎತ್ತಿಟ್ಟಿದ್ದೇನೆ, ಅದರ ಮಾತೇ ಬೇಡ. ಅಪ್ಪ, ಜೀವನವೆಲ್ಲ ನೀವು ಬೇರೆಯವರಿಗೆ ಚಹಾ ಕೊಟ್ಟಿದ್ದೀರಿ. ಒಂದು ಸಂಜೆ ಆ ಗುಮ್ಮಟದ ಕೆಳಗೆ ಕೂತುಕೊಳ್ಳಿ, ನಿಮಗೆ ಯಾರಾದರೂ ತಂದುಕೊಡಲಿ.

ತಮ್ಮ ಈ ವಾರವೇ ಪಾಸ್‌ಪೋರ್ಟ್ ಅರ್ಜಿ ಹಾಕಲಿ. ಅವ್ವನ ಆಧಾರ್‌ನಲ್ಲಿ ಹುಟ್ಟಿದ ದಿನ ತಪ್ಪಿದೆಯಲ್ಲ, ಮೊದಲು ಅದನ್ನು ಸರಿ ಮಾಡಿಸಿ. ಬರುವಾಗ ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಜಾಸ್ತಿಯೇ ಕಟ್ಟಿಕೊಳ್ಳಿ. ಈ ಹುಡುಗಿಯ ಮನೆಗೂ ಕೊಡಬೇಕು.

ನಿಮ್ಮ ಮಗಳು