ಐದು ಗ್ರಾಮದ ಮಾತು

ಮಾಟುಂಗಾ, ಮುಂಬಯಿ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಡೊಂಬಿವಲಿಯ ನಿಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿಗೆ ನಿನ್ನನ್ನು ಅಡ್ಮಿನ್ ಮಾಡಿದ್ದಾರೆ, ಅದೇ ವಾರ ಬೆಳಗಾವಿ ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಎಂಬ ವಿಚಾರಕ್ಕೆ ಅಲ್ಲಿ ಜಗಳವೂ ಎದ್ದಿದೆ ಎಂದು ಅಕ್ಕ ಹೇಳಿದಳು. ಗುಂಪಿನಲ್ಲಿ ರಾಜಕೀಯವೇ ಬೇಡ ಎಂದು ನಿಯಮ ಮಾಡಿಬಿಡುವ ಯೋಚನೆ ನಿನಗಿದೆಯಂತೆ. ಹಾಗೆ ಮಾಡಬೇಡ. ನೀರಿನ ಟ್ಯಾಂಕರಿನಿಂದ ಹಿಡಿದು ಮಕ್ಕಳ ಶಾಲೆಯ ಭಾಷೆಯವರೆಗೆ ಎಲ್ಲವೂ ರಾಜಕೀಯವೇ. ಗುಂಪಿನಲ್ಲಿ ಬಾಯಿ ಕಟ್ಟಿದರೆ ಅದೇ ಮಾತು ಲಿಫ್ಟಿನಲ್ಲಿ ಇನ್ನಷ್ಟು ಖಾರವಾಗಿ ಹೊರಡುತ್ತದೆ.

ಮೆಲ್ಲಗೆ ಮಾತಾಡಿದರೆ ಸಭ್ಯತೆ ಬಂತು ಎಂದುಕೊಂಡವರು ಬಹಳ ಮಂದಿ. "ತಮ್ಮ ಮೇಲೆ ನನಗೆ ತುಂಬ ಗೌರವ" ಎಂದು ಶುರು ಮಾಡಿ, ಎದುರಿನವರು ಆಡದೇ ಇದ್ದದ್ದನ್ನು ಅವರ ಬಾಯಿಗೆ ತುರುಕುವವರನ್ನು ನೀನೂ ಕಂಡಿರುತ್ತೀ. ನನ್ನ ಲೆಕ್ಕದಲ್ಲಿ ಅದು ಬೈಗುಳಕ್ಕಿಂತ ಕೆಟ್ಟದ್ದು. ಬೈದವನು ನಾಳೆ ತಪ್ಪಾಯಿತು ಎಂದಾನು. ಆಡದ ಮಾತಿಗೆ ಸಮಜಾಯಿಷಿ ಕೊಡುತ್ತ ಕೂತವನಿಗೆ ಮಾತ್ರ ತನ್ನ ಮಾತು ಹೇಳುವ ಸರದಿಯೇ ಬರುವುದಿಲ್ಲ.

ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ಕಟ್ಟುವ ತಾಳಮದ್ದಳೆಯ ಕೃಷ್ಣಸಂಧಾನ ನೆನಪಿಸಿಕೋ. ಐದು ಗ್ರಾಮವನ್ನೂ ಕೊಡಲಾರೆ ಎನ್ನುವ ಕೌರವನ ಅರ್ಥ, ಅಂದರೆ ಅವನ ಪಾತ್ರದ ಮಾತು, ಹೇಳುವವರು ಮನೆಯಲ್ಲಿ ಕೌರವನ ಪಕ್ಷದವರೇನಲ್ಲ. ಆದರೂ ಅವನ ವಾದವನ್ನು ಗಟ್ಟಿಯಾಗಿ ಕಟ್ಟಲೇಬೇಕು, ಇಲ್ಲವಾದರೆ ಕೃಷ್ಣನ ಅರ್ಥವೂ ಏಳುವುದಿಲ್ಲ, ಪ್ರಸಂಗ ಮಲಗಿಬಿಡುತ್ತದೆ. ಎದುರಿನವರು ಎತ್ತಿದ ಪ್ರಶ್ನೆ ಬಿಟ್ಟು ಬಾಯಿಪಾಠ ಒಪ್ಪಿಸಿದರೆ ಸಭೆಗೆ ತಟ್ಟನೆ ಗೊತ್ತಾಗುತ್ತದೆ. ಮಾತು ಎಳೆದಾಡತೊಡಗಿದರೆ ಹಾಡಿ ಪ್ರಸಂಗ ನಡೆಸುವ ಭಾಗವತರು ಮುಂದಿನ ಪದ ಎತ್ತುತ್ತಾರೆ. ಲೋಕಸಭೆಯಲ್ಲಿ ಸದಸ್ಯರು ಒಬ್ಬರಿಗೊಬ್ಬರು ನೇರ ಹೇಳದೆ ಸ್ಪೀಕರರಿಗೆ ಹೇಳಬೇಕೆಂಬ ಪದ್ಧತಿಯ ಹಿಂದೆಯೂ ಇದೇ ಯುಕ್ತಿಯಿದೆ: ಮೂರನೆಯವರ ಮೂಲಕ ಹಾದುಹೋದರೆ ಮಾತಿನ ಬಿಸಿ ಅಷ್ಟು ಇಳಿಯುತ್ತದೆ. ಅಡ್ಮಿನ್ ಎಂದರೆ ನೀನೀಗ ಭಾಗವತ. ಜಾಗಟೆ ನಿನ್ನ ಕೈಯಲ್ಲಿದೆ.

ಇನ್ನು ಬೆಳಗಾವಿ. ನಮ್ಮವರು ಎತ್ತಿದ ಬಾಯಿಗೆ ಗಡಿ ತಕರಾರಿನ ಆಯೋಗದ ಮಾತು ಹಿಡಿದು "ಮಹಾಜನ್ ವರದಿಯೇ ಅಂತಿಮ" ಎನ್ನುತ್ತಾರೆ. ಅದಕ್ಕೂ ಮೊದಲು ಮಹಾರಾಷ್ಟ್ರದ ವಾದವನ್ನು ಅವರೇ ತಲೆದೂಗುವಂತೆ ಹೇಳಲು ಬರುತ್ತದೆಯೇ ನೋಡು. ಅವರು ಅನ್ನುವುದು ಇದು: ಗಡಿ ಗುರುತಿಸುವಾಗ ಗ್ರಾಮವನ್ನೇ ಘಟಕವಾಗಿ ಹಿಡಿಯಬೇಕು. ಜಾಗ ಒಂದಕ್ಕೊಂದು ತಾಗಿಕೊಂಡಿರಬೇಕು. ಹೆಚ್ಚಿನವರ ಭಾಷೆ ಯಾವುದು, ಜನರ ಇಚ್ಛೆ ಏನು ನೋಡಬೇಕು. 1951ರ ಜನಗಣತಿಯಂತೆ ಬೆಳಗಾವಿ ಪಟ್ಟಣದಲ್ಲಿ ಮರಾಠಿ ಮಾತಾಡುವವರೇ ಹೆಚ್ಚು. 814 ಗ್ರಾಮ ತಮಗೆ ಬರಬೇಕು. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದೂ ಇದಕ್ಕೇ. ಇಷ್ಟನ್ನು ಬರೆದು, ಸರಿಯಾಗಿ ಹೇಳಿದೆನೇ ಎಂದು ಕೇಳು. "ಹೋ, ಬರೋಬರ್" ಎಂದು ಬಂದ ಮೇಲೆ ನಿನ್ನ ಸರದಿ. 1956ರಲ್ಲಿ ರಾಜ್ಯಗಳ ಗಡಿ ಹಾಕಿದ್ದು ಸಂಸತ್ತು. 1966ರಲ್ಲಿ ಮಹಾಜನ್ ಆಯೋಗ ನೇಮಕವಾದದ್ದು ಮಹಾರಾಷ್ಟ್ರದ ಒತ್ತಾಯಕ್ಕೆ. ಮರುವರ್ಷ ಬಂದ ಅದರ ವರದಿ ಬೆಳಗಾವಿಯನ್ನು ನಮ್ಮಲ್ಲೇ ಉಳಿಸಿತು. ಇಲ್ಲಿಗೆ ನಿಲ್ಲಿಸಿದೆಯೋ, ಕೆಟ್ಟೆ. ಅದೇ ವರದಿ 264 ಗ್ರಾಮಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕು ಎಂದೂ ಹೇಳಿತ್ತು. ಆ ಅಂಕಿಯನ್ನು ನೀನೇ ಮುಂದಿಡು. ಅವರು ಹೊರತೆಗೆದರೆ ನೀನು ಸೆರಗಿನಡಿ ಮುಚ್ಚಿಟ್ಟಂತೆ; ನೀನೇ ಇಟ್ಟರೆ ಉಳಿದ ಮಾತಿಗೂ ತೂಕ ಬರುತ್ತದೆ. (ಪಾಂಡವರು ಪುಣ್ಯವಂತರು, ಐದಕ್ಕೆ ನಿಲ್ಲಿಸಿದ್ದರು.)

ಮಾತು ಕೆಡುವುದು ಹೆಚ್ಚಾಗಿ ಒಂದು ಸಣ್ಣ ಪದದಿಂದ: "ನಿಮ್ಮವರು". ಮರಾಠಿಯಲ್ಲಿ "ತುಮಚೀ ಲೋಕಂ". ಎಲ್ಲೋ ಗಡಿಯಲ್ಲಿ ಬಸ್ಸಿಗೆ ಮಸಿ ಬಳಿದವರ ಲೆಕ್ಕವನ್ನು ನಿಮ್ಮ ಮೂರನೇ ಮಹಡಿಯ ಮರಾಠಿ ಕಾಕಾ ಯಾಕೆ ಕೊಡಬೇಕು? "ನೀವು ಹೇಳಿದ್ದು" ಎನ್ನು, ಅವರು ಹೇಳಿದ್ದಕ್ಕಷ್ಟೇ ಉತ್ತರ ಕೊಡು. ಇನ್ನೊಂದು, ಮುಂಬಯಿ ಹಿಂದಿಯ ಅಭ್ಯಾಸಬಲದಿಂದ ನಮ್ಮ ಹುಡುಗರ ಮರಾಠಿಯಲ್ಲೂ ಹಿರಿಯರಿಗೆ "ತೂ" ನುಸುಳುತ್ತದೆ. ಬಿಸಿ ಚರ್ಚೆಯಲ್ಲಿ ಅದನ್ನು ಯಾರೂ ವ್ಯಾಕರಣದ ತಪ್ಪೆಂದು ಬಿಡುವುದಿಲ್ಲ. "ತುಮ್ಹಿ" ಬಾಯಿಗೆ ಹತ್ತಿಸಿಕೋ.

ಗುಂಪಿನ ಕೆಲಸಕ್ಕೆ ಬರುತ್ತೇನೆ. ಕಳಿಸಿದ್ದನ್ನು ತಿದ್ದಲು ವಾಟ್ಸಾಪ್ 15 ನಿಮಿಷ ಕೊಡುತ್ತದೆ. ಯಾರಾದರೂ ಎಡವಿದರೆ ಆ 15 ನಿಮಿಷದೊಳಗೆ ಅವರಿಗೆ ಖಾಸಗಿಯಾಗಿ ಫೋನ್ ಮಾಡು, ತಾವೇ ತಿದ್ದಿಕೊಂಡರೆ ಮುಖ ಉಳಿಯುತ್ತದೆ. ಎಲ್ಲರೆದುರು ಗದರಿಸಿದರೆ ತಪ್ಪೆಂದು ಗೊತ್ತಿದ್ದರೂ ಹಟಕ್ಕೆ ಬೀಳುತ್ತಾರೆ. ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು, ಕಳಿಸಿದವರಿಗೆ "ಇದರಲ್ಲಿ ನಿಮ್ಮ ಮಾತು ಯಾವುದು?" ಎಂದಷ್ಟೇ ಕೇಳು. ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ದ್ವೇಷ ಹಚ್ಚುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಇದೆ, ಅಂಥದನ್ನು ಮಾತ್ರ ಕೇಳದೆ ಅಳಿಸು. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡ: ಸಮಾನ ಉದ್ದೇಶವಿಲ್ಲದೆ ಹಾಗೆ ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ. ರಾತ್ರಿ ಹನ್ನೊಂದಾದರೂ ತಣ್ಣಗಾಗದಿದ್ದರೆ ಅಡ್ಮಿನ್‌ಗಳಷ್ಟೇ ಬರೆಯುವಂತೆ ಸೆಟ್ಟಿಂಗ್ ಬದಲಿಸು, ಬೆಳಿಗ್ಗೆ ತೆರೆ. ಆದರೆ ನಿನ್ನ ಕೊನೆಯ ಮಾತು ಹಾಕಿ ಬಾಗಿಲು ಮುಚ್ಚಬೇಡ, ಅದು ಕಳ್ಳಾಟ.

ಬೆಳಗಿನ ಲೋಕಲ್‌ನಲ್ಲೂ ಇದೇ. ಠಾಣೆ ದಾಟುವವರೆಗೆ ಏನು ಬೇಕಾದರೂ ವಾದಿಸು, ದಾದರ್ ಬರುವ ಮೊದಲು ಮುಗಿಸು. ಇಳಿಯುವ ನೂಕುನುಗ್ಗಲಲ್ಲಿ ಎಸೆದ ಮಾತಿಗೆ ಉತ್ತರ ಕೊಡಲು ಅವರಿಗೆ ಜಾಗವಿರುವುದಿಲ್ಲ, ಇಡೀ ದಿನ ಹೊತ್ತುಕೊಂಡು ತಿರುಗುತ್ತಾರೆ. ನಾಳೆ ಮೂವರ ಸೀಟಿನಲ್ಲಿ ಸರಿದು ನಾಲ್ಕನೆಯವನಾಗಿ ನಿನಗೆ ಜಾಗ ಕೊಡಬೇಕಾದವರೂ ಅವರೇ.

ಗಣಪತಿ ರಜೆಗೆ ಬರುವಾಗ ಮೂರನೇ ಮಹಡಿಯ ಕಾಕಾರನ್ನೂ ತಾಳಮದ್ದಳೆಗೆ ಕರೆತಾ. ಪಕ್ಕ ಕೂತು ಕೌರವನ ಅರ್ಥವನ್ನು ಅವರಿಗೆ ಮರಾಠಿಯಲ್ಲಿ ಹೇಳುವುದು ನಿನ್ನ ಕೆಲಸ.

ಇಂತಿ ನಿನ್ನ
ಸೋದರಮಾವ