ಮಗಳಿಗೊಂದು ಪತ್ರ: ನಿಮ್ಮ ಪಟ್ಟಿಗೆ ಎರಡು ದಿನ ಸೇರಿಸು

ಕೊಪ್ಪಳ

ಚಿ. ಮಗಳಿಗೆ ಅವ್ವನ ಆಶೀರ್ವಾದ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಚಾರಣದ ದಿನಗಳ ಪಟ್ಟಿ ಸಿಕ್ಕಿತು. ಫೋನಿನಲ್ಲಿ ಅಕ್ಷರ ಸಣ್ಣದು ಅಂತ ನಿಮ್ಮಪ್ಪ ಪ್ರಿಂಟ್ ತೆಗೆಸಿಕೊಂಡು ಬಂದರು. ಊಟ ಆದಮೇಲೆ ಇಬ್ಬರೂ ಕೂತು ಓದಿದೆವು. ನೇಪಾಳದಲ್ಲಿ ಎವರೆಸ್ಟ್ ನೋಡಲು ಹತ್ತುವ ಆ ಕಾಲಾ ಪತ್ಥರ್ ಬೆಟ್ಟಕ್ಕೆ ಹೋಗಬೇಡ ಅಂತ ಹೇಳುತ್ತಿಲ್ಲ, ಖುಷಿಯಿಂದ ಹೋಗು. ಆದರೆ ಪಟ್ಟಿ ಮಾತ್ರ ನನಗೆ ಸರಿ ಕಾಣಲಿಲ್ಲ. ಫೋನಿನಲ್ಲಿ ಹೇಳಿದರೆ "ಆಯ್ತವ್ವ, ಆಯ್ತವ್ವ" ಅಂತ ಇಟ್ಟುಬಿಡುತ್ತೀ. ಅದಕ್ಕೇ ಕಾಗದ ಹಿಡಿದೆ.

ನಾಮ್ಚೆ ಬಜಾರ್ 3,440 ಮೀಟರ್ ಎತ್ತರದಲ್ಲಿದೆ. ನಿಮ್ಮ ಪಟ್ಟಿಯಲ್ಲಿ ಅಲ್ಲಿ ಒಂದೇ ರಾತ್ರಿ. ಮರುದಿನ ತೆಂಗ್‌ಬೋಚೆ, ಸುಮಾರು 3,860. ಅದರ ಮರುದಿನ ಡಿಂಗ್‌ಬೋಚೆ, 4,410. ಅಲ್ಲೂ ಒಂದೇ ರಾತ್ರಿ ಮಲಗಿ ಎದ್ದು ಲೋಬುಚೆ, 4,940. ಎಲ್ಲೂ ನಿಲ್ಲುವ ಮಾತೇ ಇಲ್ಲ! ಆ ದಾರಿಯಲ್ಲಿ ಹೋಗುವವರು ನಾಮ್ಚೆಯಲ್ಲಿ ಎರಡು ರಾತ್ರಿ, ಡಿಂಗ್‌ಬೋಚೆಯಲ್ಲಿ ಎರಡು ರಾತ್ರಿ ಉಳಿಯುವುದು ವಾಡಿಕೆ. ನಿಮ್ಮ ಗುಂಪಿನವರು ಆ ಎರಡು ದಿನ ಯಾಕೆ ಕತ್ತರಿಸಿದ್ದಾರೆ ಅಂತ ನನಗೂ ಗೊತ್ತು. ಸೋಮವಾರ ಆಫೀಸಿಗೆ ಹಾಜರಿ ಹಾಕಬೇಕು, ಅಷ್ಟೇ ಅಲ್ವಾ?

ನೀನು ಏನು ಹೇಳುತ್ತೀ ಅಂತಲೂ ಗೊತ್ತು. ಅಂಜನಾದ್ರಿಯ 575 ಮೆಟ್ಟಿಲು ಎಲ್ಲೂ ಕೂರದೆ ಹತ್ತುತ್ತೀ. ಅಶೋಕನ ಶಾಸನ ನೋಡಲು ಪಾಲ್ಕಿಗುಂಡಿಗೆ ಹೋದಾಗ ನಾವು ಅರ್ಧ ಬಂಡೆ ಹತ್ತುವಷ್ಟರಲ್ಲಿ ನೀನು ಮೇಲೆ ನಿಂತು ಕೂಗುತ್ತಿದ್ದೆ. ನಿನ್ನ ಕಾಲಿನ ಬಗ್ಗೆ ನನಗೆ ಚಿಂತೆ ಇಲ್ಲ. ಚಿಂತೆ ಇರುವುದೇ ಅದು ಗಟ್ಟಿ ಇದೆ ಅನ್ನುವುದಕ್ಕೆ. ಎತ್ತರದ ಕಾಯಿಲೆ ಕಾಲು ನೋಡಿ ಬರುವುದಿಲ್ಲ, ವಯಸ್ಸು ನೋಡಿಯೂ ಬರುವುದಿಲ್ಲ. ಬೇಗ ಬೇಗ ಹತ್ತಿದರೆ ಗಟ್ಟಿಮುಟ್ಟಾದವರೂ ಕಾಯಿಲೆ ಬೀಳುತ್ತಾರೆ.

ನಮ್ಮ ಕೊಪ್ಪಳ ಸಮುದ್ರಮಟ್ಟದಿಂದ ಐನೂರು ಚಿಲ್ಲರೆ ಮೀಟರ್ ಎತ್ತರದಲ್ಲಿದೆ. ನೀನು ಹೊರಟಿರುವ ಜಾಗ 5,500 ಮೀಟರಿನ ಮೇಲೆ. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಇಲ್ಲಿಯಷ್ಟೇ, ನೂರಕ್ಕೆ ಇಪ್ಪತ್ತೊಂದು. ಆದರೆ ಗಾಳಿಯ ಒತ್ತಡವೇ ಇಲ್ಲಿಯ ಅರ್ಧದಷ್ಟು. ಹಾಗಾಗಿ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧಕ್ಕೆ ಇಳಿಯುತ್ತದೆ. ನೀನು ಒಯ್ಯುವ ಚಿಪ್ಸ್ ಪ್ಯಾಕೆಟ್ಟು ನಾಮ್ಚೆಯಲ್ಲಿ ಚೀಲದಿಂದ ತೆಗೆದು ನೋಡು, ಊದಿಕೊಂಡು ಬಿರಿಯುವ ಹಾಗಿರುತ್ತದೆ. ಹೊರಗಿನ ಒತ್ತಡ ಎಷ್ಟು ಇಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ. ಮೊದಲು ಉಸಿರಾಟ ಜೋರಾಗುತ್ತದೆ. ಆಮೇಲೆ ಮೂತ್ರಪಿಂಡ ರಕ್ತದ ಸಮತೋಲ ತಿದ್ದಲು ಶುರು ಮಾಡುತ್ತದೆ. ಅದಕ್ಕೇ ಅಲ್ಲಿ ಮೂತ್ರಕ್ಕೆ ಜಾಸ್ತಿ ಹೋಗಬೇಕಾಗುತ್ತದೆ. ಚಳಿಯಲ್ಲಿ ಏಳಲು ಬೇಸರ ಅಂತ ನೀರು ಕುಡಿಯುವುದು ಬಿಡಬೇಡ. ಇದಕ್ಕೆಲ್ಲ ದಿನಗಳು ಬೇಕು, ಆಫೀಸಿನ ರಜೆ ಎಷ್ಟಿದೆ ಅಂತ ಕೇಳಿ ದೇಹ ಕೆಲಸ ಮಾಡುವುದಿಲ್ಲ. ವೈದ್ಯರು ಹೇಳುವ ಲೆಕ್ಕ ಇಷ್ಟು: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ಉಳಿಯಬೇಕು. ಹಾಗಂತ ಹಾಸಿಗೆ ಹಿಡಿಯಬೇಕಿಲ್ಲ. ಹಗಲು ಮೇಲೆ ಹತ್ತಿ ಬಂದು ರಾತ್ರಿ ಕೆಳಗೆ ಮಲಗಬಹುದು.

ಡಿಂಗ್‌ಬೋಚೆಯಲ್ಲಿ ಉಳಿದ ದಿನ ಒಂದು ಕೆಲಸ ಮಾಡು. ದಿಬ್ಬ ದಾಟಿದರೆ ಪಕ್ಕದಲ್ಲೇ ಫೆರಿಚೆ ಅಂತ ಊರಿದೆ. ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನವರ ಚಿಕ್ಕ ಆಸ್ಪತ್ರೆ ಇದೆ. ಚಾರಣದ ಸೀಸನ್ನಿನಲ್ಲಿ ಅಲ್ಲಿಯ ಡಾಕ್ಟರುಗಳು ಎತ್ತರದ ಕಾಯಿಲೆ ಬಗ್ಗೆ ತಿಳಿಸಿ ಹೇಳುತ್ತಾರೆ. ಹೋಗಿ ಕೂತು ಕೇಳು. ಅವ್ವ ಹೇಳಿದರೆ ಅರ್ಧ ಕಿವಿ, ಡಾಕ್ಟರ್ ಹೇಳಿದರೆ ಪೂರ್ತಿ ಕಿವಿ, ಅಲ್ವಾ?

ಇನ್ನು ನಿನ್ನ ಗುಣದ ಮಾತು. ಗವಿಮಠದ ತೇರಿಗೆ ಹೋಗಬೇಕು ಅಂತ ಜ್ವರ ಮುಚ್ಚಿಟ್ಟುಕೊಂಡು ಬಂದವಳು ನೀನು. ತೇರಿಗೆ ಉತ್ತತ್ತಿ ಎಸೆಯಲು ಕೊಡುವಾಗ ನಿನ್ನ ಕೈ ತಗುಲಿತು, ಕೆಂಡದ ಹಾಗೆ ಸುಡುತ್ತಿತ್ತು. "ಏನಾಗಿಲ್ಲವ್ವ" ಅಂದೆ. ವಾರ್ಡಿನಲ್ಲಿ ಡ್ಯೂಟಿ ಮಾಡುವಾಗ ಈ "ಏನಾಗಿಲ್ಲ" ಅನ್ನುವ ಪೇಶಂಟುಗಳನ್ನು ಕಂಡರೇ ನನಗೆ ಹೆದರಿಕೆ. ನೋವು ಅಂತ ಚೀರುವವರನ್ನು ಹೇಗಾದರೂ ನಿಭಾಯಿಸಬಹುದು. ಅಲ್ಲಿ ತಲೆನೋವು ಬಂದರೆ, ಜೊತೆಗೆ ವಾಕರಿಕೆ, ಸುಸ್ತು, ತಲೆ ತಿರುಗುವುದು ಇದ್ದರೆ ಆ ಕ್ಷಣವೇ ಗೈಡ್‌ಗೆ ಹೇಳಬೇಕು. ಅದು ಕಡಿಮೆ ಆಗುವವರೆಗೆ ಒಂದು ಹೆಜ್ಜೆಯೂ ಮೇಲಕ್ಕೆ ಇಡಬಾರದು. ಜಾಸ್ತಿ ಆದರೆ ಇಳಿಯಬೇಕು. ಯಾರ ಮೇಲಾದರೂ ಅನುಮಾನ ಬಂದರೆ ನೆಲದ ಮೇಲೆ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನಡೆಯಲು ಹೇಳು. ತೂರಾಡಿದರೆ ಮಿದುಳಿಗೆ ನೀರು ಬರುತ್ತಿದೆ ಅಂತ ತಿಳಿ. ಕೂತಲ್ಲೇ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶಕ್ಕೆ ನೀರು. ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಆಗಲೇ ಇಳಿಸಿ. ಈ ಮಾತು ನಿನಗಷ್ಟೇ ಅಲ್ಲ, ಗುಂಪಿನ ಎಲ್ಲರಿಗೂ.

ಎತ್ತರದ ಕಾಯಿಲೆ ಬಾರದಿರಲಿ ಅಂತ ಡಯಾಮಾಕ್ಸ್ ಮಾತ್ರೆ ಎಲ್ಲರೂ ತಗೋತಾರೆ ಅಂದಿದ್ದೆ. ನೀನು ಸುಮ್ನೆ ಅವರ ಸ್ಟ್ರಿಪ್ಪಿನಿಂದ ಒಂದು ನುಂಗಬೇಡ. ಚಿಕ್ಕವಳಿದ್ದಾಗ ಸಲ್ಫಾ ಔಷಧಿಗೆ ನಿನ್ನ ಮೈಯೆಲ್ಲ ದದ್ದು ಎದ್ದಿತ್ತು, ಡಯಾಮಾಕ್ಸ್ ಅದೇ ಕುಲದ್ದು. ಹೋಗುವ ಮೊದಲು ಬೆಂಗಳೂರಿನಲ್ಲೇ ಡಾಕ್ಟರಿಗೆ ಇದನ್ನು ಹೇಳಿ ಕೇಳು. ರಾತ್ರಿ ಮಲಗಿದಾಗ ಉಸಿರು ನಿಂತ ಹಾಗಾಗಿ, ದೊಡ್ಡ ಉಸಿರು ತೆಗೆದು ಎಚ್ಚರವಾಗಬಹುದು. ಆ ಎತ್ತರದಲ್ಲಿ ಅದು ಸಾಮಾನ್ಯ, ಗಾಬರಿ ಬೇಡ. ನಿದ್ದೆ ಬರಲಿ ಅಂತ ಗುಳಿಗೆ ಮಾತ್ರ ತಗೋಬೇಡ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಒಯ್ಯಿ. ಆದರೆ ಅದರ ಫೋಟೋ ನನಗೆ ಕಳಿಸಬೇಡ! ಕಾಲಾ ಪತ್ಥರ್ ಬುಡದ ಗೋರಕ್ ಶೆಪ್‌ನಲ್ಲಿ ಎಂಬತ್ತರ ಆಸುಪಾಸು ತೋರಿಸುತ್ತದೆ ಅಂತ ತಲೆಗೆ ಗೊತ್ತು. ತೊಂಬತ್ತರ ಕೆಳಗೆ ಬಂದರೆ ಬೆಡ್ ಹುಡುಕಲು ಓಡುತ್ತಿದ್ದ ಕೈಕಾಲು ಕೇಳುವುದಿಲ್ಲ.

ನಿಮ್ಮಪ್ಪನ ಚಿಂತೆಯೇ ಬೇರೆ. ಫೋಟೋ ಸ್ಟುಡಿಯೋ ಮುಚ್ಚಿದರೂ ಕಣ್ಣು ಬೆಳಕಿನ ಮೇಲೇ. ಬೇಸ್ ಕ್ಯಾಂಪಿಗೆ ಹೋದರೂ ಎವರೆಸ್ಟಿನ ತುದಿ ಕಾಣುವುದಿಲ್ಲ, ಅಡ್ಡ ಬೆಟ್ಟ ಮರೆ ಮಾಡುತ್ತದೆ, ಅದಕ್ಕೇ ಜನ ಕಾಲಾ ಪತ್ಥರ್ ಹತ್ತುತ್ತಾರೆ ಅಂತ ನನಗೆ ಪಾಠ ಮಾಡಿದರು. ನಕ್ಷೆ ತೆಗೆದು ಬೆರಳಿಟ್ಟು ತೋರಿಸಿದರು: ಎವರೆಸ್ಟ್ ಪೂರ್ವಕ್ಕಿದೆ. ಬೆಳಿಗ್ಗೆ ಸೂರ್ಯ ಅದರ ಹಿಂದಿನಿಂದ ಬರುತ್ತಾನೆ, ಎದುರು ಬೆಳಕಿಗೆ ಬೆಟ್ಟ ಕಪ್ಪಾಗಿ ಬೀಳುತ್ತದೆ. ಬಂಗಾರದ ಬಣ್ಣ ಬೇಕಿದ್ದರೆ ಸಂಜೆ ಹತ್ತಬೇಕಂತೆ. ಅವರ ಮಾತು ಸರಿ ಇರಬಹುದು. ಆದರೆ ಸಂಜೆ ಹತ್ತಿದರೆ ಕತ್ತಲಲ್ಲಿ, ಕೊರೆಯುವ ಚಳಿಯಲ್ಲಿ ಇಳಿಯಬೇಕು. ಮಧ್ಯಾಹ್ನ ಕಳೆದರೆ ಮೋಡವೂ ಕವಿಯಬಹುದು. ಗೈಡ್ ಯಾವ ಹೊತ್ತು ಅಂತಾರೋ ಆ ಹೊತ್ತಿಗೆ ಹೋಗು. ಇನ್ನೊಂದು ಮಾತು, ಅಲ್ಲಿ ನಿಂತಾಗ ಎದುರಿಗೆ ದೊಡ್ಡದಾಗಿ ಕಾಣುವ ನುಪ್ತ್ಸೆಯನ್ನೇ ಎವರೆಸ್ಟ್ ಅಂದುಕೊಂಡು ಫೋಟೋ ಹೊಡೆಯಬೇಡವಂತೆ. ಅದು 7,861 ಮೀಟರ್, ಹತ್ತಿರ ಇರುವುದಕ್ಕೆ ಹಾಗೆ ಕಾಣುತ್ತದೆ. ಹಿಂದೆ ಇಣುಕುವ ಕಪ್ಪು ಗೋಪುರವೇ 8,848ರದ್ದು. ಕ್ಯಾಮೆರಾ ಬ್ಯಾಟರಿ ಅಂಗಿಯ ಒಳಗೆ ಇಟ್ಟುಕೋ, ಚಳಿಗೆ ಬೇಗ ಸತ್ತುಹೋಗುತ್ತದೆ.

ಯಾಕ್ ಎದುರು ಬಂದರೆ ಬೆಟ್ಟದ ಕಡೆ ನಿಲ್ಲು, ಕಣಿವೆಯ ಅಂಚಿಗೆ ಅಲ್ಲ. ಹೆಲಿಕಾಪ್ಟರ್ ಖರ್ಚು ಕೊಡುವ ವಿಮೆ ಮಾಡಿಸು. ಅದರಲ್ಲಿ ಎಷ್ಟು ಮೀಟರ್ ಎತ್ತರದವರೆಗೆ ಅಂತ ಬರೆದಿದ್ದಾರೆ ಓದು.

ನಡಿಗೆ ಶುರುವಾಗುವ ಲುಕ್ಲಾ ಊರಿನ ವಿಮಾನ ಹವಾಮಾನ ಕೆಟ್ಟರೆ ಹಾರುವುದಿಲ್ಲ. ವಾಪಸ್ ಟಿಕೆಟ್ಟನ್ನೂ ಬಿಗಿಯಾಗಿ ಇಡಬೇಡ. ಮುಂದೆ ತಾಸು ಲೆಕ್ಕ ಹಾಕುತ್ತಾ ಕೂತವರೇ ತಲೆನೋವು ಇಟ್ಟುಕೊಂಡು ಮೇಲಕ್ಕೆ ಹೋಗುವುದು. ಆಫೀಸಿನಲ್ಲಿ ಇನ್ನೆರಡು ದಿನ ರಜೆ ಕೇಳು. ಕೊಡದಿದ್ದರೆ ಬೇಸ್ ಕ್ಯಾಂಪ್ ಬಿಡಿ, ಕಾಲಾ ಪತ್ಥರ್ ಒಂದೇ ನೋಡಿ ಬನ್ನಿ. ಅಷ್ಟೂ ಆಗದಿದ್ದರೆ ತೆಂಗ್‌ಬೋಚೆಯವರೆಗೆ ಹೋಗಿ ಬಾ, ಅಲ್ಲಿಂದಲೂ ಎವರೆಸ್ಟ್ ಕಾಣುತ್ತದೆ.

ತಿದ್ದಿದ ಪಟ್ಟಿ ಈ ವಾರ ಕಳಿಸು. ಆ ವಿಮಾನದಲ್ಲಿ ಸಾಮಾನಿನ ತೂಕಕ್ಕೆ ಮಿತಿ ಇದೆಯಲ್ಲ, ಖಡಕ್ ರೊಟ್ಟಿ ಹಗುರ, ತೊಂದರೆ ಇಲ್ಲ. ಶೇಂಗಾ ಚಟ್ನಿ ಎಷ್ಟು ಬೇಕು ಹೇಳು, ಭಾನುವಾರ ಕುಟ್ಟುತ್ತೇನೆ. ಗುರೆಳ್ಳು ಪುಡಿ ಈಗಾಗಲೇ ಮಾಡಿಟ್ಟಿದ್ದೇನೆ.

ನಿನ್ನ ಅವ್ವ